ಕೆರೆಯಂಗಳದಲ್ಲಿ ಬಿಡಿಸಿದ ನಕ್ಷೆ

ನಾನು ರಂಗೋಲಿ ಪುಡಿ ಕೊಳ್ಳುವುದು ಕಿಲೋ ಲೆಕ್ಕದಲ್ಲಿ. ಬಿಳಿ ಐದು ಕಿಲೋ. ಕೆಂಪು, ನೀಲಿ, ಹಸಿರು ಒಂದೊಂದು ಕಿಲೋ. ಕೋಲಾರದ ಪೇಟೆಯಲ್ಲಿ ಅಂಗಡಿ ಇಟ್ಟಿರುವ ಅಮ್ಮ ಮೊದಲ ಸಲ "ಮನೇಲಿ ಮದುವೆನಾ?" ಎಂದು ಕೇಳಿದ್ದರು. ಈಗ "ಈ ಸಲ ಯಾವ ಊರಮ್ಮ?" ಎಂದು ಕೇಳಿ ತೂಕಕ್ಕೆ ಹಾಕುತ್ತಾರೆ.

ಹದಿನಾಲ್ಕು ವರ್ಷದಿಂದ ಕೆರೆ, ಕಾಲುವೆ, ಜಲಾನಯನ ಅಂತ ಹಳ್ಳಿ ಸುತ್ತುವ ಕೆಲಸ ನನ್ನದು. ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಊರಿನವರೆಲ್ಲ ಕೂತು ನೆಲದ ಮೇಲೆ ನಕ್ಷೆ ಬಿಡಿಸುವುದು. ಹೋದ ವರ್ಷ ಬೇಸಿಗೆಯಲ್ಲಿ ಒಂದು ಊರಿನಲ್ಲಿ ಮೂರು ದಿನ ಹೀಗೆ ಕೂತೆವು. ಅಲ್ಲಿ ನಡೆದದ್ದು ಇನ್ನೂ ತಲೆಯಲ್ಲಿ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಮನೆಮನೆಯ ಸಾಲದ ವಿಷಯ ಇದರಲ್ಲಿ ಬರುತ್ತದೆ.

ಊರು ಕೋಲಾರ ಜಿಲ್ಲೆಯದು. ನಮ್ಮ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಮಳೆ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್. ಅಷ್ಟನ್ನೇ ಹಿಡಿದಿಟ್ಟುಕೊಳ್ಳಲು ಹಿಂದಿನವರು ಒಂದರ ಕೆಳಗೆ ಒಂದು ಕೆರೆ ಕಟ್ಟಿಕೊಂಡು ಬಂದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಈ ಊರಿನ ಕೆರೆ ಅಂಥ ಒಂದು ಸಾಲಿನ ನಡುವೆ ಇದೆ. ಕೆ.ಸಿ. ವ್ಯಾಲಿ ಯೋಜನೆಯಿಂದ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬರುತ್ತಿದೆ. ಈ ಕೆರೆಗೆ ಬರುವುದಿಲ್ಲ. ಇದಕ್ಕೆ ಮಳೆಯೇ ಗತಿ.

ಆ ಕೆರೆ ತುಂಬುತ್ತಿಲ್ಲ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ವಯಸ್ಸಾದವರು "ಮಳೆ ಮೊದಲಿನ ಹಾಗಿಲ್ಲ" ಅನ್ನುತ್ತಾರೆ. ಅಚ್ಚುಕಟ್ಟಿನ ರೈತರು ಮೇಲ್ಗಡೆ ಹೊಲದವನ ಹೆಸರು ಹೇಳುತ್ತಾರೆ, ಅವನು ರಾಜಕಾಲುವೆ ಒತ್ತಿದ್ದಾನೆ ಅಂತ. ಅವನು ನೀಲಗಿರಿ ತೋಪಿನವರ ಕಡೆ ಕೈ ತೋರಿಸುತ್ತಾನೆ. ಹುಡುಗರು ಪಂಚಾಯಿತಿಯನ್ನು ಬೈಯುತ್ತಾರೆ. ಸುಳ್ಳು ಹೇಳುತ್ತಿದ್ದವರು ಯಾರೂ ಇಲ್ಲ. ಎಲ್ಲರ ಮಾತಿನಲ್ಲೂ ಒಂದು ತುಂಡು ನಿಜ ಇತ್ತು. ಆ ತುಂಡುಗಳನ್ನು ಒಂದೇ ಕಡೆ ಇಟ್ಟು ನೋಡಿದವರು ಇರಲಿಲ್ಲ.

ಇಂಥ ಕಡೆ ಮೊದಮೊದಲು ನಾನು ಮಾಡುತ್ತಿದ್ದ ತಪ್ಪನ್ನು ಹೇಳಬೇಕು. ಪಂಚಾಯಿತಿ ಆಫೀಸಿನಲ್ಲಿ ಟೇಬಲ್ ಮೇಲೆ ಚಾರ್ಟ್ ಹಾಳೆ ಹಾಸಿ, ಸ್ಕೆಚ್ ಪೆನ್ ಹಿಡಿದು ನಾನೇ ನಿಲ್ಲುತ್ತಿದ್ದೆ. "ಹೇಳಿ, ಕೆರೆ ಎಲ್ಲಿದೆ?" ಅಂತ ಕೇಳುತ್ತಿದ್ದೆ. ಓದುಬರಹ ಬಲ್ಲ ಮೂರು ಜನ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಉಳಿದವರು ಗೋಡೆಗೆ ಒರಗಿ ಟೀ ಬರುವುದನ್ನು ಕಾಯುತ್ತಿದ್ದರು. ಸ್ಕೆಚ್ ಪೆನ್ನಿನ ಗೆರೆ ಅಳಿಸುವುದಿಲ್ಲ. ತಪ್ಪಿದರೆ ಹಾಳೆ ಹಾಳು. ಆ ಭಯಕ್ಕೆ ಯಾರೂ ಪೆನ್ ಮುಟ್ಟುತ್ತಿರಲಿಲ್ಲ. ಎರಡು ವರ್ಷ ಹೀಗೇ ಚಂದದ ನಕ್ಷೆಗಳನ್ನು ಮಾಡಿ ಕಡತಕ್ಕೆ ಸೇರಿಸಿದೆ. ಅವುಗಳಿಂದ ಒಂದು ಊರಿಗೂ ಏನೂ ಆಗಲಿಲ್ಲ. ಈಗಲೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ನೆಲದ ಮೇಲೆ ಬಿಡಿಸುವುದು ನಾನು ಕಂಡುಹಿಡಿದದ್ದೇನಲ್ಲ. 1980ರ ದಶಕದ ಕೊನೆಯಲ್ಲಿ ನಮ್ಮ ಕರ್ನಾಟಕದ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಮತ್ತು ಗುಜರಾತಿನ ಆಗಾಖಾನ್ ಸಂಸ್ಥೆಯವರು ಹಳ್ಳಿಗಳಲ್ಲಿ ಇದನ್ನು ಮಾಡುತ್ತಿದ್ದರು. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿದ್ದ ಸಂಶೋಧಕ ರಾಬರ್ಟ್ ಚೇಂಬರ್ಸ್ ಅದನ್ನು ನೋಡಿ, ಕಲಿತು, ಲೋಕಕ್ಕೆಲ್ಲ ಹೇಳಿದರು. ಪಿ.ಆರ್.ಎ. ಅಂತ ಹೆಸರು, ಅಂದರೆ ಹಳ್ಳಿಯ ಸ್ಥಿತಿಯನ್ನು ಹಳ್ಳಿಯವರೇ ಸೇರಿ ಅಳೆದು ನೋಡುವುದು. ಸಂಪನ್ಮೂಲ ನಕ್ಷೆ, ಸಾಮಾಜಿಕ ನಕ್ಷೆ ಅಂತೆಲ್ಲ ನಮ್ಮ ಇಲಾಖೆಗಳ ನಮೂನೆಗಳಲ್ಲಿ ಬರುತ್ತದಲ್ಲ, ಎಲ್ಲ ಅಲ್ಲಿಂದ ಬಂದದ್ದು. ಅದರ ಮೊದಲ ಪಾಠ, "ಕೋಲನ್ನು ಅವರ ಕೈಗೆ ಕೊಡಿ." ಗೆರೆ ಎಳೆಯುವ ಕೋಲು ನನ್ನ ಕೈಯಲ್ಲಿ ಇರಬಾರದು. ಕೇಳಲು ಸುಲಭ. ಗೆರೆ ತಪ್ಪುತ್ತಿದೆ ಅಂತ ಗೊತ್ತಾದಾಗ ಕೈ ಕಟ್ಟಿ ಕೂರುವುದು ಬಹಳ ಕಷ್ಟ.

ಈ ಊರಿನಲ್ಲೂ ಮೊದಲ ದಿನ ಎಡವಿದೆ. ದೇವಸ್ಥಾನದ ಮುಂದೆ ಜಾಗ ಅಗಲವಾಗಿತ್ತು, ನೆರಳಿತ್ತು. ಅಲ್ಲೇ ಕೂರೋಣ ಅಂದೆ. ಗಂಡಸರು ಬಂದರು. ಹೆಂಗಸರು ಸ್ವಲ್ಪ ಜನ ಬಂದರು. ಕಾಲೋನಿಯಿಂದ ಒಬ್ಬರೂ ಬರಲಿಲ್ಲ. ಒಬ್ಬ ತಾತ ಮಾತ್ರ ರಸ್ತೆಯ ಆಚೆ, ಕರೆಂಟ್ ಕಂಬಕ್ಕೆ ಕೈ ಕೊಟ್ಟು ನಿಂತು ನೋಡುತ್ತಿದ್ದರು. ಬನ್ನಿ ಅಂದರೆ "ಇರ್ಲಿ ಬಿಡಮ್ಮ, ಇಲ್ಲಿಂದಾನೇ ಕಾಣ್ತದೆ" ಅಂದರು. ಆ ಊರಿನ ಕೊನೆಯ ನೀರಗಂಟಿ ಅವರೇ. ಕೆರೆಯ ತೂಬು ಎತ್ತಿ, ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಂಡವರು. ಕೆರೆ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದ ಮನುಷ್ಯ ನನ್ನಿಂದಾಗಿ ರಸ್ತೆಯ ಆಚೆ ನಿಲ್ಲಬೇಕಾಯಿತು. ಜಾಗ ಆರಿಸುವಾಗ ನಾನು ನೆರಳನ್ನು ನೋಡಿದೆ, ಯಾರು ಅಲ್ಲಿಗೆ ಕಾಲಿಡುತ್ತಾರೆ ಅನ್ನುವುದನ್ನು ನೋಡಲಿಲ್ಲ.

ಎರಡನೇ ದಿನ ಬೆಳಿಗ್ಗೆ ಆರೂವರೆಗೆ ಕೆರೆಯಂಗಳಕ್ಕೇ ಹೋದೆವು. ನೀರಿಲ್ಲದ ಕೆರೆ. ಒಣಗಿದ ಗೋಡು ಮಣ್ಣು, ನಡುನಡುವೆ ಬಿರುಕು. ಬಿಸಿಲು ಏರುವ ಮೊದಲು ಮೂರು ಗಂಟೆ ಸಿಗುತ್ತದೆ. ಅದು ಯಾರ ಜಾಗವೂ ಅಲ್ಲ, ಎಲ್ಲರ ಜಾಗ. ಕಾಲೋನಿಯವರು ಬಂದರು. ಕುರಿ ಮೇಯಿಸುವ ಇಬ್ಬರು ಕುರಿಗಳನ್ನು ಏರಿ ಮೇಲೆ ಬಿಟ್ಟು ಬಂದು ಕೂತರು. ತಾತ ಬಂದರು.

ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ನಕ್ಷೆ ಬಿಡಿಸಿದರು. ಬೇರೆ ಬೇರೆ ಕೂರಿಸುವುದು ಬೇಕಂತಲೇ. ಒಟ್ಟಿಗೆ ಕೂತರೆ ಹೆಂಗಸರ ಕೈಗೆ ಪುಡಿ ಬರುತ್ತದೆ, ಮಾತು ಬರುವುದಿಲ್ಲ.

ಗಂಡಸರ ನಕ್ಷೆಯಲ್ಲಿ ಕೆರೆ ದೊಡ್ಡದು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲ ಸರಿಯಾಗಿ ಬಂತು. ನೀಲಗಿರಿ ತೋಪಿಗೆ ನೀಲಗಿರಿ ಎಲೆ, ಹಿಪ್ಪುನೇರಳೆ ತೋಟಕ್ಕೆ ಹಸಿರು ಪುಡಿ. ಬೋರ್‌ವೆಲ್‌ಗೆ ಬೆಣಚುಕಲ್ಲು ಇಟ್ಟರು. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ನಮ್ಮ ಗಡಿ ಊರುಗಳಲ್ಲಿ ಜಗಳ ಜೋರಾದರೆ ತೆಲುಗಿಗೆ ತಿರುಗುತ್ತದೆ, ಅದರಿಂದಲೇ ನನಗೆ ಎಲ್ಲಿ ಬಿಸಿ ಇದೆ ಅಂತ ಗೊತ್ತಾಗುತ್ತದೆ. ರಾಜಕಾಲುವೆಯ ಗೆರೆ ಎಳೆಯುವಾಗ ಪೂರ್ತಿ ತೆಲುಗು.

ಹೆಂಗಸರ ನಕ್ಷೆಯಲ್ಲಿ ಕೆರೆ ಒಂದು ರೊಟ್ಟಿಯಷ್ಟು. ಶುದ್ಧ ನೀರಿನ ಘಟಕ ಕೆರೆಗಿಂತ ದೊಡ್ಡದು. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರು ಅದು. ದಿನಾ ನಾಣ್ಯ ಹಾಕಿ ಕ್ಯಾನಿನಲ್ಲಿ ಕುಡಿಯುವ ನೀರು ತರುವವರು ಅವರೇ. ದನಕ್ಕೆ ನೀರು ಕುಡಿಸುವ ತೊಟ್ಟಿ, ಹುಲ್ಲು ಸಿಗುವ ಜಾಗ, ಕರೆಂಟ್ ಹೋದಾಗ ನೀರು ತರುವ ದೂರದ ತೋಟದ ಪಂಪು, ಎಲ್ಲ ಇತ್ತು. ಬೋರ್‌ವೆಲ್‌ಗೆ ಅವರು ಹುಣಸೆ ಬೀಜ ಇಟ್ಟರು. ಎಣಿಸಿ ನೋಡಿದರೆ ಗಂಡಸರ ಕಲ್ಲುಗಳಿಗಿಂತ ಮೂರು ಪಟ್ಟು ಬೀಜ.

"ಇಷ್ಟೊಂದು ಬೋರ್ ಎಲ್ಲಿದೆ ಅಕ್ಕ?" ಅಂತ ಕೇಳಿದೆ.

"ನೀರು ಬರೋದು ಮಾತ್ರ ಹಾಕಬೇಕಾ? ಒಣಗಿರೋದೂ ಹಾಕಿದೀವಿ" ಅಂದರು ಒಬ್ಬರು. ಆಮೇಲೆ ಒಂದೊಂದು ಬೀಜವನ್ನೂ ಬೆರಳಿನಿಂದ ಮುಟ್ಟಿ ಹೇಳುತ್ತಾ ಹೋದರು. "ಇದು ನನ್ನ ಓಲೆ. ಇದು ನಮ್ಮತ್ತೆ ಸರ. ಇದು ಎರಡು ಹಸು ಮಾರಿದ್ದು. ಇದು ಸಂಘದ ಸಾಲ, ಇನ್ನೂ ಕಟ್ತಾ ಇದೀನಿ."

ಎಲ್ಲರೂ ಸುಮ್ಮನಾದರು. ಆಚೆ ಕೂತಿದ್ದ ಗಂಡಸರಿಗೂ ಕೇಳಿಸಿತು. ಒಬ್ಬರು ಎದ್ದು ಬಂದು, ಹೆಂಡತಿ ಇಟ್ಟ ಬೀಜಗಳನ್ನು ನೋಡಿ, ತಮ್ಮ ನಕ್ಷೆಗೆ ವಾಪಸ್ ಹೋಗಿ ಆರು ಬೆಣಚುಕಲ್ಲು ಸೇರಿಸಿದರು. ಯಾರೂ ಹೇಳಿರಲಿಲ್ಲ. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಒಂದು ನಕ್ಷೆ ಮಾತ್ರ ಇದ್ದಿದ್ದರೆ ಈ ಒಣಗಿದ ಬೋರ್‌ವೆಲ್‌ಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಎರಡು ನಕ್ಷೆಗಳ ನಡುವಿನ ವ್ಯತ್ಯಾಸದಲ್ಲೇ ಊರಿನ ಕಥೆ ಇತ್ತು. ಅದಕ್ಕೇ, ಇಂಥ ಕೆಲಸ ಮಾಡುವ ಹೊಸ ಹುಡುಗ ಹುಡುಗಿಯರು ಎರಡು ನಕ್ಷೆಗಳನ್ನು "ಕ್ಲೀನ್" ಮಾಡಿ ಒಂದು ಮಾಡಿದರೆ ನಾನು ಬೇಡ ಅನ್ನುತ್ತೇನೆ. ಎರಡೂ ಇರಲಿ.

ಮಳೆಯ ಮಾತೂ ಅಲ್ಲೇ ಬಗೆಹರಿಯಿತು. ಕೆರೆ ಯಾವ ಯಾವ ವರ್ಷ ಕೋಡಿ ಬಿದ್ದಿತ್ತು ಅಂತ ಏರಿಯ ಉದ್ದಕ್ಕೂ ಕಲ್ಲು ಇಡಲು ಹೇಳಿದೆ. ಕುರಿ ಮೇಯಿಸುವವರು 2021ರ ನವೆಂಬರ್ ನೆನಪಿಸಿದರು. ಆ ತಿಂಗಳು ಎಂಥ ಮಳೆ ಸುರಿಯಿತು ಅಂತ ನಮ್ಮ ಕಡೆಯವರು ಮರೆತಿಲ್ಲ. ಸುತ್ತಲಿನ ಕೆರೆಗಳೆಲ್ಲ ಕೋಡಿ ಹರಿದಿದ್ದವು. ಈ ಕೆರೆ ಅರ್ಧಕ್ಕೆ ನಿಂತಿತ್ತು. ಅಷ್ಟು ಮಳೆ ಬಂದರೂ ಅರ್ಧ ಅಂದರೆ, ನೀರು ದಾರಿಯಲ್ಲೇ ಎಲ್ಲೋ ನಿಲ್ಲುತ್ತಿದೆ ಅಲ್ವಾ? "ಮಳೆ ಇಲ್ಲ" ಅನ್ನುತ್ತಿದ್ದ ಹಿರಿಯರೇ ಈ ಪ್ರಶ್ನೆ ಕೇಳಿದರು.

ಮೂರನೇ ದಿನ ಬೇರೆ ಥರದ ನಕ್ಷೆ. ಎಲ್ಲರೂ ಒಟ್ಟಿಗೆ. ಇದು ಜಾಗದ ನಕ್ಷೆ ಅಲ್ಲ, ಕಾರಣಗಳ ನಕ್ಷೆ. ಒಂದರಿಂದ ಒಂದಕ್ಕೆ ಬಾಣ ಎಳೆಯುತ್ತಾ ಹೋಗುವುದು. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ಜೇ ಫಾರೆಸ್ಟರ್ 1950ರ ದಶಕದಲ್ಲಿ ಶುರು ಮಾಡಿದ ಸಿಸ್ಟಮ್ ಡೈನಾಮಿಕ್ಸ್ ಅನ್ನುವ ವಿದ್ಯೆಯಲ್ಲಿ ಇಂಥ ಬಾಣಗಳ ಚಿತ್ರಗಳಿವೆ. ಅಲ್ಲಿ ಬಾಣದ ತುದಿಗೆ ಪ್ಲಸ್, ಮೈನಸ್ ಹಾಕುತ್ತಾರೆ. ನಾನು ಹಳ್ಳಿಯಲ್ಲಿ ಅದನ್ನು ಬಿಟ್ಟುಬಿಟ್ಟಿದ್ದೇನೆ. ಎರಡೇ ಪ್ರಶ್ನೆ ಸಾಕು. "ಇದು ಯಾಕಾಯ್ತು?" "ಇದರಿಂದ ಇನ್ನೇನಾಯ್ತು?"

ನಡುವೆ ಬೋರಲು ಹಾಕಿದ ಚೊಂಬು ಇಟ್ಟೆವು. ಅದು ತುಂಬದ ಕೆರೆ. ಬೋರ್‌ವೆಲ್‌ಗೆ ಒಂದು ತುಂಡು ಪಿ.ವಿ.ಸಿ. ಪೈಪು, ಸಾಲಕ್ಕೆ ಹತ್ತು ರೂಪಾಯಿ ನೋಟು, ಟೊಮೆಟೊಗೆ ಟೊಮೆಟೊ. ಗಾಳಿಗೆ ನೋಟು ಹಾರದ ಹಾಗೆ ಮೇಲೆ ಹೆಂಟೆ ಇಟ್ಟರು.

ಕೆರೆ ಯಾಕೆ ತುಂಬಲ್ಲ? ಕಾಲುವೆ ಮುಚ್ಚಿದೆ. ಯಾಕೆ ಮುಚ್ಚಿದೆ? ಇಲ್ಲಿ ಎಲ್ಲರೂ ಮೇಲ್ಗಡೆ ಹೊಲದವರ ಕಡೆ ತಿರುಗಿದರು. ಅವರು "ನಾನು ಒತ್ತಿದ್ದು ಎರಡು ಗಜ, ಉಳಿದದ್ದು ಲಂಟಾನ, ಜಾಲಿ, ಹೂಳು, ಅದಕ್ಕೂ ನಾನೇನಾ?" ಅಂದರು. ಮಾತು ಏರುವ ಹಾಗಿತ್ತು. ಆಗ ತಾತ ಕೋಲು ತಗೊಂಡರು. ನಾನು ಕೊಟ್ಟದ್ದಲ್ಲ, ಪಕ್ಕದಲ್ಲಿದ್ದ ಹುಡುಗನ ಕೈಯಿಂದ ಅವರೇ ತಗೊಂಡರು.

"ವರ್ಷಕ್ಕೊಂದು ಸಲ ಮಳೆಗಾಲಕ್ಕೆ ಮುಂಚೆ ಮನೆಗೊಂದು ಆಳು ಬಂದು ಕಾಲುವೆ ತೆಗೀತಿದ್ರಿ. ನಾನೇ ಕೂಗ್ತಿದ್ದೆ, ಬನ್ರಪ್ಪಾ ಅಂತ. ಈಗ ಕೂಗೋರು ಯಾರು?" ಅಂತ ಬಾಣ ಎಳೆದರು. ಕಾಲುವೆ ಮುಚ್ಚಿತು, ಯಾಕೆಂದರೆ ನೀರಗಂಟಿ ಕೆಲಸ ನಿಂತಿತು. ಅದು ಯಾಕೆ ನಿಂತಿತು? ಸುಗ್ಗಿಯಲ್ಲಿ ಗದ್ದೆಯವರು ಕೊಡುತ್ತಿದ್ದ ಧಾನ್ಯ ನಿಂತಿತು. ಅದು ಯಾಕೆ? ಕೆರೆ ನೀರು ಯಾರಿಗೂ ಬೇಕಾಗಲಿಲ್ಲ, ಎಲ್ಲರೂ ಬೋರ್‌ವೆಲ್ ಹಾಕಿಸಿಕೊಂಡರು. ಬೋರ್‌ವೆಲ್ ಯಾಕೆ? "ಕೆರೆ ನಂಬ್ಕೊಂಡು ಬೆಳೆ ಇಡೋಕಾಗಲ್ವಲ್ಲ" ಅಂದರು ಅಚ್ಚುಕಟ್ಟಿನ ರೈತರೊಬ್ಬರು. ಯಾಕೆ ನಂಬೋಕಾಗಲ್ಲ?

"ಕೆರೆ ತುಂಬಲ್ಲ."

ಬಾಣ ತಿರುಗಿ ಚೊಂಬಿಗೇ ಬಂತು. ಕೋಲು ಹಿಡಿದಿದ್ದ ತಾತ ಸ್ವಲ್ಪ ಹೊತ್ತು ಹಾಗೇ ನಿಂತರು. ನಾಲ್ಕೈದು ಜನ ಬಗ್ಗಿ ಬೆರಳಲ್ಲಿ ಆ ಬಾಣಗಳನ್ನು ಮೊದಲಿಂದ ಸುತ್ತು ಹಾಕಿ ನೋಡಿದರು. ಎಲ್ಲಿ ಶುರು ಮಾಡಿದರೂ ಅಲ್ಲಿಗೇ ಬರುತ್ತದೆ. ಎಲ್ಲರೂ ಅದರೊಳಗೆ ಇದ್ದಾರೆ.

ಇದನ್ನು ನಾನು ಮಾತಲ್ಲಿ ಹೇಳಬಹುದಿತ್ತು. ನನಗೆ ಮೊದಲೇ ಗೊತ್ತಿದ್ದದ್ದೇ. ಎಷ್ಟೋ ಸಭೆಗಳಲ್ಲಿ ಹೇಳಿಯೂ ಇದ್ದೇನೆ, ತಲೆ ಆಡಿಸಿ ಎದ್ದು ಹೋಗಿದ್ದಾರೆ. ನೆಲದ ಮೇಲೆ ಬರೆದಾಗ ಬೇರೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುವುದಿಲ್ಲ, ನೆಲ ನೋಡಿಕೊಂಡು ಮಾತಾಡುತ್ತಾರೆ. "ನೀನು ಮಾಡಿದೆ" ಅನ್ನುವುದು ನಿಂತು "ಈ ಬಾಣ ಇಲ್ಲಿಂದ ಬರಲ್ಲ, ಅಲ್ಲಿಂದ ಬರ್ತದೆ" ಅನ್ನುವುದು ಶುರುವಾಗುತ್ತದೆ. ಬಾಣ ತಪ್ಪಾದರೆ ಕಾಲಲ್ಲಿ ಅಳಿಸಿ ಮತ್ತೆ ಎಳೆಯಬಹುದು. ತಪ್ಪು ಒಪ್ಪಿಕೊಂಡ ಹಾಗೂ ಆಗುವುದಿಲ್ಲ.

ಆ ದಿನ ಇನ್ನೆರಡು ಸುತ್ತು ಸಿಕ್ಕವು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಸಾಲ ಜಾಸ್ತಿ, ಸಾಲ ತೀರಿಸಲು ಟೊಮೆಟೊ, ಟೊಮೆಟೊಗೆ ನೀರು ಜಾಸ್ತಿ, ಅದಕ್ಕೆ ಬೋರ್‌ವೆಲ್ ಇನ್ನೂ ಆಳಕ್ಕೆ. ಪಂಪ್‌ಸೆಟ್‌ಗೆ ಕರೆಂಟ್ ಬಿಲ್ ಇಲ್ಲ ಅನ್ನುವುದನ್ನೂ ಒಬ್ಬ ಹುಡುಗ ಬಾಣದ ಪಕ್ಕಕ್ಕೆ ಬಲ್ಬ್ ಬಿಡಿಸಿ ಸೇರಿಸಿದ. ಇನ್ನೊಂದು ನೀಲಗಿರಿಯದು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನಮ್ಮ ಜಿಲ್ಲೆಯ ಹೊಲಗಳಿಗೆ ನೀಲಗಿರಿ ಬಂತು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಲ್ಲಿಸಿತು. ಹಳೆಯ ತೋಪು ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ತೋಪಿನ ಒಡೆಯರು ವಯಸ್ಸಾದ ದಂಪತಿ, ಮಕ್ಕಳು ಬೆಂಗಳೂರಿನಲ್ಲಿ. "ರಾಗಿ ಇಟ್ರೆ ಕೊಯ್ಯೋರು ಯಾರಮ್ಮ?" ಅಂದರು ಅಜ್ಜಿ. ಮಕ್ಕಳು ಯಾಕೆ ಹೋದರು? ನೀರಿಲ್ಲ, ಬೇಸಾಯ ಇಲ್ಲ. ಆ ಬಾಣವೂ ಚೊಂಬಿಗೆ ಬಂತು. ಅವತ್ತಿನವರೆಗೆ ಅವರನ್ನು ಬೈಯುತ್ತಿದ್ದವರು ಅಜ್ಜಿಯ ಕಡೆ ನೋಡಲಿಲ್ಲ.

ಉಪಗ್ರಹ ಚಿತ್ರ, ಮೊಬೈಲ್ ಮ್ಯಾಪು ಬೇಡವೇ ಅಂತ ಕೆಲವರು ಕೇಳುತ್ತಾರೆ. ಬೇಕು, ಆದರೆ ಆಮೇಲೆ. ಮೊದಲೇ ತೋರಿಸಿದರೆ ಎಲ್ಲರೂ ತಮ್ಮ ಮನೆ ಚಾವಣಿ ಹುಡುಕುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಾವು ನೆಲದ ನಕ್ಷೆ ಮುಗಿದ ಮೇಲೆ ಕಂದಾಯದ ಗ್ರಾಮ ನಕ್ಷೆಯನ್ನೂ ಫೋನಿನಲ್ಲಿ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪನ್ನೂ ಇಟ್ಟುಕೊಂಡು ರಾಜಕಾಲುವೆ ಉದ್ದಕ್ಕೂ ನಡೆದೆವು. ತಾತ ಎಳೆದ ಗೆರೆ ಒಂದು ತಿರುವು ಬಿಟ್ಟರೆ ಪೂರ್ತಿ ಸರಿಯಾಗಿತ್ತು.

ಇನ್ನೊಂದು ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ನಕ್ಷೆಯಿಂದ ಕೇಡೂ ಆಗಬಹುದು. ಹಿಂದೆ ಬೇರೊಂದು ಊರಿನಲ್ಲಿ ಜನ ನಂಬಿಕೆಯಿಂದ ತೋರಿಸಿದ ಗೋಮಾಳದ ನಕ್ಷೆಯ ಫೋಟೋವನ್ನು ನಾನು ಒಂದು ಕಚೇರಿಗೆ ಕೊಟ್ಟೆ. ಕುರಿಯವರು ಮೇಯಿಸುತ್ತಿದ್ದ ಅದೇ ಜಾಗವನ್ನು ಖಾಲಿ ಜಾಗ ಅಂತ ಬೇರೆ ಕೆಲಸಕ್ಕೆ ಗುರುತು ಮಾಡಿದರು. ಅವರ ಮುಂದೆ ನಿಲ್ಲಲು ನನಗೆ ಮುಖ ಇರಲಿಲ್ಲ. ಅಂದಿನಿಂದ ಊರಿನವರು ಒಪ್ಪದೆ ಫೋಟೋ ಕೊಡುವುದಿಲ್ಲ. ಕಾಗದಕ್ಕೆ ಇಳಿಸಿದ ಮೂಲ ನಕ್ಷೆ ಊರಿನಲ್ಲೇ ಇರುತ್ತದೆ, ನನ್ನ ಹತ್ತಿರ ಇರುವುದು ನಕಲು. ಒಣಗಿದ ಬೋರ್‌ವೆಲ್‌ಗಳ ನಕ್ಷೆಯನ್ನು ಈ ಊರಿನ ಹೆಂಗಸರು ಯಾರಿಗೂ ಕೊಡಬೇಡಿ ಅಂದರು. ಕೊಟ್ಟಿಲ್ಲ.

ಆಮೇಲೆ ಏನಾಯಿತು? ಉದ್ಯೋಗ ಖಾತ್ರಿಯಲ್ಲಿ ಕಾಲುವೆ ಹೂಳು ತೆಗೆಯುವ ಕೆಲಸ ಮಳೆಗೆ ಮುಂಚೆ ಮುಗಿಯಿತು. ಮೇಲ್ಗಡೆ ಹೊಲದವರು ಎರಡು ಗಜದಲ್ಲಿ ಒಂದು ಗಜ ಬಿಟ್ಟರು. ಇನ್ನೊಂದಕ್ಕೆ ಇನ್ನೂ ಮಾತು ನಡೆಯುತ್ತಿದೆ. ಅಚ್ಚುಕಟ್ಟಿನ ಮನೆಗಳಲ್ಲಿ ಅರ್ಧದಷ್ಟು ಜನ ನೀರಗಂಟಿ ಕೆಲಸಕ್ಕೆ ವರ್ಷಕ್ಕೆ ಇಷ್ಟು ರಾಗಿ ಅಂತ ಒಪ್ಪಿದರು, ತಾತನ ಮೊಮ್ಮಗ ನೋಡಿಕೊಳ್ಳುತ್ತಿದ್ದಾನೆ. ಬೋರ್‌ವೆಲ್ ಲಾರಿ ಬರುವುದು ನಿಂತಿಲ್ಲ. ನಕ್ಷೆ ಬಿಡಿಸಿದ ತಿಂಗಳಲ್ಲೇ ಒಂದು ಬಂತು. ಆದರೆ ಆ ಮನೆಯಲ್ಲಿ ಕೊರೆಸುವ ಮೊದಲು ಗಂಡ ಹೆಂಡತಿ ಎರಡು ದಿನ ಮಾತಾಡಿದರಂತೆ. ಹುಣಸೆ ಬೀಜ ಎಣಿಸಿದ ಅಕ್ಕನೇ ನನಗೆ ಫೋನಿನಲ್ಲಿ ಹೇಳಿದ್ದು. ಕೊನೆಗೆ ಕೊರೆಸಿದರು.

ಮಳೆ ಬಂದು ಕೆರೆ ಮುಕ್ಕಾಲು ತುಂಬಿತು. ಸಂತೋಷಕ್ಕೆ ಎಲ್ಲರೂ ಫೋಟೋ ಕಳಿಸಿದರು. ಒಂದು ವಾರ ಬಿಟ್ಟು ಕೆಳಗಿನ ಊರಿನಿಂದ ಫೋನ್ ಬಂತು. "ಮೇಡಂ, ನೀವು ಮೇಲಿನ ಊರಿನವರಿಗೆ ಏನು ಹೇಳಿಕೊಟ್ರಿ? ನಮ್ಮ ಕೆರೆಗೆ ನೀರೇ ಇಳೀತಿಲ್ಲ."

ಅವರ ಮಾತು ಸರಿ. ನಮ್ಮ ನಕ್ಷೆಯ ಗೆರೆ ಈ ಊರಿನ ಕೋಡಿಗೆ ನಿಂತುಬಿಟ್ಟಿತ್ತು. ಆಚೆ ಏನಿದೆ ಅಂತ ನಾನೂ ಕೇಳಲಿಲ್ಲ, ಅವರೂ ಎಳೆಯಲಿಲ್ಲ. ಕೆಳಗಿನ ಊರಿನವರು ಮೂರೂ ದಿನ ಅಲ್ಲಿರಲಿಲ್ಲ.

ಈಗ ಎರಡೂ ಊರು ಸೇರಿ ಮತ್ತೆ ನಕ್ಷೆ ಬಿಡಿಸಬೇಕು ಅಂತ ಒಪ್ಪಿದ್ದಾರೆ. ಎಲ್ಲಿ ಕೂರುವುದು ಅನ್ನುವುದಕ್ಕೇ ಎರಡು ಸಭೆ ಆಯಿತು. ಇವರ ಊರಿಗೆ ಅವರು ಬರುವುದಿಲ್ಲ, ಅವರ ಊರಿಗೆ ಇವರು ಹೋಗುವುದಿಲ್ಲ. ತಾತ ಕೋಡಿ ಕಲ್ಲಿನ ಕೆಳಗಿನ ಬಂಡೆ ತೋರಿಸಿದರು. ಮೇಲಿನ ನೀರು ಅಲ್ಲಿ ಮುಗಿಯುತ್ತದೆ, ಕೆಳಗಿನದು ಅಲ್ಲಿಂದ ಶುರು. ಬಂಡೆ ಅಗಲವಾಗಿದೆ, ಐವತ್ತು ಜನ ಕೂರಬಹುದು. ಕಪ್ಪು ಕಲ್ಲಿನ ಮೇಲೆ ಬಿಳಿ ಪುಡಿ ಚೆನ್ನಾಗಿ ಕಾಣುತ್ತದೆ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ. ಈ ಸಲ ಹತ್ತು ಕಿಲೋ ಬಿಳಿ ಬೇಕು.